ಪೆವಿಲಿಯನ್ ಕಟ್ಟಡಗಳು: ಒಳಗೂ ಹೊರಗೂ ಬೆರೆಯುವ ಬಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಪೆವಿಲಿಯನ್ ಎಂದು ಯಾವ ಕಟ್ಟಡವನ್ನು ಕರೆಯುತ್ತಾರೆ?

ಬಯಲಿನ ನಡುವೆ ಒಂಟಿಯಾಗಿ ನಿಂತ, ನಾಲ್ಕೂ ಕಡೆಯಿಂದ ಸುತ್ತಿ ನೋಡಬಹುದಾದ, ಬಹುಮಟ್ಟಿಗೆ ಒಂದೇ ಅಂತಸ್ತಿನ ಹಗುರ ಕಟ್ಟಡವನ್ನು. ಅದರಲ್ಲಿ ಮೊದಲ ಮರ್ಯಾದೆ ಚಾವಣಿಗೆ. ಗೋಡೆ ಬೇಕಾದ ಕಡೆ ಇರುತ್ತದೆ, ಬೇಡವಾದ ಕಡೆ ಇರುವುದಿಲ್ಲ. ಪ್ರದರ್ಶನಕ್ಕೆಂದು ಕಟ್ಟಿದ್ದು, ಉದ್ಯಾನದಲ್ಲಿ ಕೂರಲೆಂದು ಕಟ್ಟಿದ್ದು, ವಾಸದ ಮನೆ, ವಸ್ತುಸಂಗ್ರಹಾಲಯ, ಎಲ್ಲಕ್ಕೂ ಈ ಹೆಸರು ಸಲ್ಲುತ್ತದೆ. ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಇಪ್ಪತ್ತನೆಯ ಶತಮಾನದ ಆಧುನಿಕತಾವಾದಿ ಪೆವಿಲಿಯನ್‌ಗಳ ವಿಷಯ.

ಕಂಬದ ಮೇಲೆ ಚಾವಣಿ ನಿಲ್ಲಿಸುವುದು ಹಳೆಯ ವಿದ್ಯೆ. ಆಧುನಿಕರು ಹೊಸದಾಗಿ ಮಾಡಿದ್ದೇನು?

ಗೋಡೆಯ ತಲೆಯ ಮೇಲಿದ್ದ ಹೊರೆ ಇಳಿಸಿದರು. ಕಲ್ಲು, ಇಟ್ಟಿಗೆಯ ಕಟ್ಟಡದಲ್ಲಿ ಚಾವಣಿಯನ್ನು ಹೊರುವುದು ಗೋಡೆ. ಹಾಗಾಗಿ ಅದರಲ್ಲಿ ದೊಡ್ಡ ತೆರಪು ಕೊರೆದಷ್ಟೂ ಭಯ. ಉಕ್ಕು ಮತ್ತು ಕಬ್ಬಿಣದ ಸರಳಿನ ಕಾಂಕ್ರೀಟ್ ಬಂದಮೇಲೆ ಆ ಹೊರೆಯೆಲ್ಲ ನಾಲ್ಕಾರು ತೆಳು ಕಂಬಗಳ ಪಾಲಾಯಿತು. ಸ್ವಿಸ್-ಫ್ರೆಂಚ್ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ 1914ರಲ್ಲಿ ಬರೆದ 'ಡೊಮ್-ಇನೊ' ಚೌಕಟ್ಟಿನಲ್ಲಿ ಇರುವುದು ಮೂರು ಹಲಗೆಯಂಥ ಚಪ್ಪಡಿ, ಆರು ಕಂಬ, ಒಂದು ಮೆಟ್ಟಿಲು. ಗೋಡೆ ಇಲ್ಲವೇ ಇಲ್ಲ. ಇನ್ನು ಮುಂದೆ ಗೋಡೆ ಎಲ್ಲಿ ಬೇಕಾದರೂ ನಿಲ್ಲಬಹುದು, ಅರ್ಧಕ್ಕೇ ನಿಲ್ಲಬಹುದು, ಕೋಣೆಯನ್ನು ದಾಟಿ ಅಂಗಳಕ್ಕೂ ಓಡಬಹುದು. ಜರ್ಮನ್ ವಾಸ್ತುಶಿಲ್ಪಿ ಮೀಸ್ ಫಾನ್ ಡೆರ್ ರೋಹೆ 1924ರ ಹೊತ್ತಿಗೆ ಬರೆದಿದ್ದ ಇಟ್ಟಿಗೆಯ ಹಳ್ಳಿಮನೆಯ ನಕ್ಷೆಯಲ್ಲಿ ಗೋಡೆಗಳು ಮನೆಯಿಂದ ಹೊರಟು ಕಾಗದದ ಅಂಚಿನವರೆಗೂ ಹೋಗಿಬಿಡುತ್ತವೆ. ಆ ಮನೆ ಕಟ್ಟಲಿಲ್ಲ. ಆದರೆ ಐದು ವರ್ಷಗಳ ನಂತರ ಅದೇ ಯೋಚನೆ ಕಲ್ಲಿನಲ್ಲಿ ಎದ್ದು ನಿಂತಿತು.

ಬಾರ್ಸಿಲೋನಾ ಪೆವಿಲಿಯನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದರಲ್ಲಿ ಅಂಥದ್ದೇನಿದೆ?

1929ರ ಬಾರ್ಸಿಲೋನಾ ಅಂತರರಾಷ್ಟ್ರೀಯ ವಸ್ತುಪ್ರದರ್ಶನಕ್ಕೆ ಜರ್ಮನಿಯ ಪರವಾಗಿ ಮೀಸ್ ಮತ್ತು ವಿನ್ಯಾಸಕಿ ಲಿಲಿ ರೈಷ್ ಮಾಡಿದ ಕಟ್ಟಡ ಅದು. ರೈಷ್ ಹೆಸರು ಬಹುಕಾಲ ಬಿಟ್ಟುಹೋಗಿತ್ತು. ಈಗಲೂ ಹಲವರು ಬಿಟ್ಟೇ ಬರೆಯುತ್ತಾರೆ. ಒಳಗೆ ಪ್ರದರ್ಶನಕ್ಕಿಟ್ಟ ಸರಕು ಏನೂ ಇರಲಿಲ್ಲ. ತೋರಿಸಬೇಕಾಗಿದ್ದುದು ಕಟ್ಟಡವನ್ನೇ.

ಟ್ರಾವರ್ಟೈನ್ ಕಲ್ಲಿನ ಎತ್ತರದ ಜಗಲಿ, ಅದರ ಮೇಲೆ ಕ್ರೋಮ್ ಹೊದಿಸಿದ ಎಂಟು ಕಂಬ, ಆ ಕಂಬಗಳ ಮೇಲೆ ತೆಳುವಾದ ಚಾವಣಿ. ಕಂಬವನ್ನು ಅಡ್ಡ ಕತ್ತರಿಸಿದರೆ ಕೂಡುಚಿಹ್ನೆಯ ಆಕಾರ. ಹೊಳಪಿನಿಂದಾಗಿ ಸುತ್ತಲಿನ ಬಣ್ಣವನ್ನು ಅದು ಹೀರಿಕೊಂಡು, ತಾನು ಇರುವುದನ್ನೇ ಮರೆಸುತ್ತದೆ. ಕಂಬಗಳ ಪಕ್ಕದಲ್ಲಿ, ಅವುಗಳಿಗೆ ತಾಗದೆ, ಹಸಿರು ಅಮೃತಶಿಲೆಯ ಮತ್ತು ಬಂಗಾರದ ಬಣ್ಣದ ಓನಿಕ್ಸ್ ಕಲ್ಲಿನ ಗೋಡೆಗಳು ಸರಿದು ನಿಂತಿವೆ. ಆ ಓನಿಕ್ಸ್ ಬಂಡೆಯ ಎತ್ತರವನ್ನು ಎರಡರಷ್ಟು ಮಾಡಿ ಕೋಣೆಯ ಎತ್ತರವನ್ನು ತೀರ್ಮಾನಿಸಿದೆ ಎಂದು ಮೀಸ್ ಹೇಳಿಕೊಂಡಿದ್ದರು. ಮನೆಗೆ ಹೊಂದುವ ಕಲ್ಲು ಹುಡುಕುವುದು ಲೋಕರೂಢಿ. ಇಲ್ಲಿ ಕಲ್ಲಿಗೆ ಹೊಂದುವ ಮನೆ ಕಟ್ಟಿದ ಹಾಗಾಯಿತು.

ನಡೆದು ನೋಡುವುದು ಮುಖ್ಯ. ಮೆಟ್ಟಿಲೇರಿದರೆ ಎದುರಿಗೆ ದೊಡ್ಡ ಕೊಳ, ಮೇಲೆ ಆಕಾಶ. ತಿರುಗಿ ಚಾವಣಿಯ ಕೆಳಗೆ ಬಂದರೂ ಕಾಲಡಿಯ ಕಲ್ಲು ಅದೇ. ಓನಿಕ್ಸ್ ಗೋಡೆ ಬಳಸಿ ಮುಂದೆ ಹೋದರೆ ಕಪ್ಪು ಗಾಜಿನ ತಳವಿರುವ ಚಿಕ್ಕ ಕೊಳ, ಅದರಲ್ಲಿ ಶಿಲ್ಪಿ ಗೇಯಾರ್ಗ್ ಕೋಲ್ಬೆಯ ಕಂಚಿನ ಹೆಣ್ಣುಮೂರ್ತಿ. ಅಲ್ಲಿ ಮತ್ತೆ ಆಕಾಶ. ಎಲ್ಲಿ ಒಳಗೆ ಬಂದೆವು, ಎಲ್ಲಿ ಹೊರಬಿದ್ದೆವು ಎಂದು ಬೆರಳಿಟ್ಟು ತೋರಿಸಲಾಗದು. ಗಾಜಿನ ಬಾಗಿಲುಗಳು ಇವೆ, ನಿಜ. ಆದರೆ ನೆನಪಿನಲ್ಲಿ ಉಳಿಯುವುದು ಆ ಬಾಗಿಲುಗಳಲ್ಲ.

ಈಗ ಅಲ್ಲಿರುವುದು ಅಸಲಿ ಕಟ್ಟಡವೇ?

ಅಲ್ಲ. ಅಸಲಿಯನ್ನು 1930ರಲ್ಲೇ ಬಿಚ್ಚಿ ಹಾಕಿದರು. ಈಗಿನದು ಅದೇ ಜಾಗದಲ್ಲಿ 1983ರಿಂದ 1986ರ ನಡುವೆ ಮೂವರು ಸ್ಪೇನ್ ವಾಸ್ತುಶಿಲ್ಪಿಗಳು ಮತ್ತೆ ಕಟ್ಟಿದ್ದು. ಐವತ್ತಕ್ಕೂ ಹೆಚ್ಚು ವರ್ಷ ಜಗತ್ತಿನ ವಾಸ್ತುಶಿಲ್ಪ ವಿದ್ಯಾರ್ಥಿಗಳು ಈ ಕಟ್ಟಡವನ್ನು ಬರೀ ಕಪ್ಪುಬಿಳುಪು ಫೋಟೊಗಳಲ್ಲಿ ಓದಿಕೊಂಡರು. ಅದರ ಕಲ್ಲುಗಳಿಗೆ ಅಷ್ಟೊಂದು ಬಣ್ಣವಿದೆ ಎಂಬುದು ಮರುನಿರ್ಮಾಣವಾದ ಮೇಲೆಯೇ ಎಷ್ಟೋ ಜನರಿಗೆ ಮನವರಿಕೆಯಾದದ್ದು.

ಇದೆಲ್ಲ ಜಪಾನಿನಿಂದ ಬಂದದ್ದು ಎನ್ನುತ್ತಾರಲ್ಲ?

ಪೂರ್ತಿ ಅಲ್ಲ, ಆದರೆ ಸಾಲ ದೊಡ್ಡದು. 1893ರ ಷಿಕಾಗೊ ಪ್ರದರ್ಶನದಲ್ಲಿ ಜಪಾನ್ 'ಹೊ-ಓ-ಡೆನ್' ಎಂಬ ಮಂದಿರದ ಮಾದರಿಯನ್ನು ಕಟ್ಟಿತ್ತು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅದನ್ನು ಕಂಡವರು. ಜರ್ಮನ್ ವಾಸ್ತುಶಿಲ್ಪಿ ಬ್ರೂನೊ ಟೌಟ್ 1933ರಲ್ಲಿ ಕ್ಯೋಟೊದ ಕತ್ಸುರಾ ಅರಮನೆ ನೋಡಿ ಬಂದು ಅದರ ಬಗ್ಗೆ ಬರೆದಮೇಲೆ ಯುರೋಪಿನ ಆಧುನಿಕರ ಕಣ್ಣು ಆ ಕಡೆ ಹೊರಳಿತು. ಹದಿನೇಳನೆಯ ಶತಮಾನದ ಆ ಅರಮನೆಯಲ್ಲಿ ಕೋಣೆಗೂ ತೋಟಕ್ಕೂ ನಡುವೆ 'ಎಂಗಾವಾ' ಎಂಬ ಮರದ ಜಗಲಿ ಇದೆ. ಸೂರು ಅದರ ಮೇಲೂ ಬಾಗಿರುತ್ತದೆ. ಕಾಗದದ ಜಾರುಬಾಗಿಲು ಸರಿಸಿದರೆ ಜಗಲಿ ಕೋಣೆಗೆ ಸೇರುತ್ತದೆ, ಮುಚ್ಚಿದರೆ ತೋಟಕ್ಕೆ. ಗಾಜಿನ ಸುಳಿವೂ ಇಲ್ಲದೆ ಈ ಕೆಲಸ ನಡೆದಿತ್ತು ಎಂಬುದನ್ನು ಮುಂದಿನ ಉತ್ತರ ಓದುವಾಗ ನೆನಪಿಟ್ಟುಕೊಳ್ಳಿ.

ಗೋಡೆಯನ್ನೆಲ್ಲ ಗಾಜು ಮಾಡಿಬಿಟ್ಟರೆ ಒಳಗು ಹೊರಗು ಒಂದಾಗುವುದಿಲ್ಲವೇ?

ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಗಾಜು ದಾರಿ ಬಿಡುವುದು ಕಣ್ಣಿಗೆ ಮಾತ್ರ. ಗಾಳಿ, ಮಣ್ಣಿನ ವಾಸನೆ, ಮಳೆಯ ಸದ್ದು, ನಡೆಯುವ ಕಾಲು, ಇವಕ್ಕೆಲ್ಲ ತೆರೆಯದ ಗಾಜು ಇಟ್ಟಿಗೆ ಗೋಡೆಯಷ್ಟೇ ಗೋಡೆ. ಕಣ್ಣಿಗೂ ದಿನವಿಡೀ ದಾರಿ ಸಿಗುವುದಿಲ್ಲ. ಹಗಲು ಹೊರಗಿನ ಬೆಳಕು ಹೆಚ್ಚಿರುವಾಗ ಹೊರಗೆ ನಿಂತವರಿಗೆ ಅದು ಕನ್ನಡಿ. ರಾತ್ರಿ ಒಳಗೆ ದೀಪ ಹಚ್ಚಿದೊಡನೆ ಒಳಗಿನವರಿಗೆ ಕನ್ನಡಿ. ಸಂಜೆ ಏಳರ ನಂತರ ನಿಮ್ಮ 'ತೋಟದ ನೋಟ' ಎಂದರೆ ಸೋಫಾದ ಮೇಲೆ ಕುಳಿತ ನಿಮ್ಮದೇ ಪ್ರತಿಬಿಂಬ.

ಅಮೆರಿಕದ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ 1949ರಲ್ಲಿ ಕನೆಕ್ಟಿಕಟ್‌ನ ನ್ಯೂ ಕೇನನ್‌ನಲ್ಲಿ ತಮಗಾಗಿ ಕಟ್ಟಿಕೊಂಡ ಗ್ಲಾಸ್ ಹೌಸ್‌ನಲ್ಲಿ ಇದೇ ಫಜೀತಿ ಎದುರಾಯಿತು. ಬೆಳಕಿನ ವಿನ್ಯಾಸಕ ರಿಚರ್ಡ್ ಕೆಲಿ ಅದನ್ನು ಬಗೆಹರಿಸಿದ್ದು ಹೊರಗಿನ ಮರಗಳಿಗೆ, ಹುಲ್ಲಿಗೆ ಬೆಳಕು ಹಾಯಿಸಿ, ಒಳಗಿನ ಬೆಳಕನ್ನು ತಗ್ಗಿಸಿ. ಹೊರಗೆ ಬೆಳಗಿದ್ದು ಒಳಗೆ ಮಂದವಾದರೆ ಗಾಜು ಮತ್ತೆ ಕಾಣೆಯಾಗುತ್ತದೆ. ದೀಪದ ಖರ್ಚನ್ನು ತೋಟದ ಲೆಕ್ಕಕ್ಕೂ ಹಾಕಲು ತಯಾರಿಲ್ಲದವರು ಗಾಜಿನ ಗೋಡೆಯ ಆಸೆ ಬಿಡುವುದು ಲೇಸು.

ಹಾಗಾದರೆ ನಿಜವಾಗಿ ಬೆಸೆಯುವುದು ಯಾವುದು?

ನೆಲ, ಚಾವಣಿ, ಮತ್ತು ಇವೆರಡರ ನಡುವೆ ಗಾಜಿಲ್ಲದ ಒಂದಷ್ಟು ಜಾಗ.

ನೆಲದ ಮಾತು ಮೊದಲು. ಒಳಗಿನ ಕಲ್ಲೇ ಹೊರಗೂ ಇರಬೇಕು. ಅಷ್ಟು ಸಾಲದು, ಸಂದುಗಳ ಗೆರೆಯೂ ಬಾಗಿಲ ಕೆಳಗೆ ಹಾದು ನೇರವಾಗಿ ಮುಂದುವರಿಯಬೇಕು. ಒಳಗಿನ ಚಪ್ಪಡಿಗೂ ಹೊರಗಿನದಕ್ಕೂ ಅರ್ಧ ಇಂಚು ವ್ಯತ್ಯಾಸ ಬಂದರೂ ಕಣ್ಣು ಅಲ್ಲೇ ತಡೆಯುತ್ತದೆ. ಒಳ್ಳೆಯ ವಾಸ್ತುಶಿಲ್ಪಿ ಗಾಜಿನ ಚೌಕಟ್ಟು ಸರಿಯಾಗಿ ಸಂದಿನ ಮೇಲೆ ಬರುವಂತೆ ಇಡೀ ಕಟ್ಟಡದ ಅಳತೆಯನ್ನೇ ಕಲ್ಲಿನ ಅಳತೆಯಿಂದ ಹೊರಡಿಸುತ್ತಾನೆ.

ಚಾವಣಿಯೂ ಹಾಗೆಯೇ. ಒಳಗಿನ ತಾರಸಿಯ ಕೆಳಮೈ ಗಾಜನ್ನು ದಾಟಿ ಅದೇ ಮಟ್ಟದಲ್ಲಿ, ಅದೇ ಬಣ್ಣದಲ್ಲಿ ಹೊರಗೆ ಚಾಚಬೇಕು. ಗಾಜಿನ ತಲೆಯ ಮೇಲೆ ಒಂದಡಿ ತೊಲೆ ಇಳಿಬಿದ್ದಿದ್ದರೆ ಆಟ ಮುಗಿಯಿತು. ಅದಕ್ಕೇ ಗಾಜಿನ ಚೌಕಟ್ಟನ್ನು ಚಾವಣಿಯೊಳಗೆ ಹುದುಗಿಸುತ್ತಾರೆ. ಕ್ಯಾಲಿಫೋರ್ನಿಯಾದ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ ಮಾಡುತ್ತಿದ್ದ 'ಜೇಡನ ಕಾಲು' ಇನ್ನೂ ಜಾಣತನದ್ದು. ತೊಲೆ ಚಾವಣಿಯ ಅಂಚನ್ನೂ ಮೀರಿ ಬಯಲಿಗೆ ಹೋಗಿ, ಅಲ್ಲೊಂದು ಒಂಟಿ ಕಂಬದ ಮೇಲೆ ಕೂರುತ್ತದೆ. ಕಟ್ಟಡ ಎಲ್ಲಿ ಮುಗಿಯಿತು ಎಂಬುದಕ್ಕೆ ಆಗ ಚಾವಣಿ ಒಂದು ಉತ್ತರ ಕೊಟ್ಟರೆ ಗಾಜು ಇನ್ನೊಂದು ಕೊಡುತ್ತದೆ, ಕಂಬ ಮೂರನೆಯದು.

ನೆಲ, ಚಾವಣಿಯ ಜೊತೆ ಬೇಕಾದ ಮೂರನೆಯದನ್ನೇ ಹೆಚ್ಚಿನ ನಕ್ಷೆಗಳು ಮರೆಯುವುದು: ಚಾವಣಿ ಇದೆ, ಗಾಜಿಲ್ಲ, ಕೂರಲು ಸಾಕಷ್ಟು ಅಗಲವಿದೆ. ಒಂದು ಮೇಜು, ನಾಲ್ಕು ಕುರ್ಚಿ ಇಟ್ಟು ಓಡಾಡಲು ಕನಿಷ್ಠ ಎರಡೂವರೆ ಮೀಟರ್ ಬೇಕು. ಒಂದು ಮೀಟರ್ ಅಗಲದ ಅಂಚು ಮಳೆ ತಡೆದೀತು, ಮನುಷ್ಯರನ್ನು ಹೊರಗೆ ಕರೆದು ಕೂರಿಸಲಾರದು.

ಫಾರ್ನ್ಸ್‌ವರ್ತ್ ಮನೆ ವಾಸಕ್ಕೆ ಲಾಯಕ್ಕಿರಲಿಲ್ಲವಂತೆ, ನಿಜವೇ?

ಅರ್ಧ ನಿಜ. ವೈದ್ಯೆ ಈಡಿತ್ ಫಾರ್ನ್ಸ್‌ವರ್ತ್ ಅವರಿಗಾಗಿ ಮೀಸ್ ಇಲಿನಾಯ್‌ನ ಪ್ಲಾನೊ ಬಳಿ, ಫಾಕ್ಸ್ ನದಿಯ ದಡದಲ್ಲಿ ಈ ಮನೆ ಮಾಡಿದರು. 1945ರಲ್ಲಿ ಶುರುವಾದ ಯೋಚನೆ 1951ರಲ್ಲಿ ಮನೆಯಾಯಿತು. ಎಂಟು ಬಿಳಿ ಉಕ್ಕಿನ ಕಂಬಗಳ ನಡುವೆ ನೆಲ ಮತ್ತು ಚಾವಣಿ ತೂಗಿ ನಿಂತಂತಿವೆ. ನೆಲವನ್ನು ಭೂಮಿಯಿಂದ ಸುಮಾರು 1.6 ಮೀಟರ್ ಎತ್ತಿದ್ದಾರೆ. ಸುತ್ತ ಒಂಟಿಪದರದ ಗಾಜು.

ತೊಂದರೆಗಳು ಅಸಲಿ. ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ಗಾಜಿನ ಒಳಮೈಯೆಲ್ಲ ಬೆವರು. ತೆರೆಯಲು ಬರುತ್ತಿದ್ದುದು ಬಾಗಿಲು ಮತ್ತು ಒಂದು ತುದಿಯ ಎರಡು ಪುಟ್ಟ ಕಿಟಕಿ ಮಾತ್ರ. ನದಿದಡದ ಸೊಳ್ಳೆಗಳಿಂದ ತಪ್ಪಿಸಿಕೊಳ್ಳಲು ಆಕೆ ಮುಂದಿನ ಜಗಲಿಗೆ ಜಾಲರಿ ಹಾಕಿಸಿಕೊಂಡರು. ಖರ್ಚಿನ ವಿಚಾರವಾಗಿ ಇಬ್ಬರೂ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಎತ್ತರಿಸಿದ ನೆಲವೂ ಸಾಲಲಿಲ್ಲ: 1996ರ ಪ್ರವಾಹ ಗಾಜು ಒಡೆದು ಒಳನುಗ್ಗಿತು, 2008ರಲ್ಲಿ ಮತ್ತೆ ನೀರು ಬಂತು.

ಇಷ್ಟಾದರೂ ಆಕೆ ಸುಮಾರು ಎರಡು ದಶಕ ಆ ಮನೆಯನ್ನು ಬಳಸಿದರು ಎಂಬುದನ್ನು ಕಥೆ ಹೇಳುವವರು ನುಂಗಿಬಿಡುತ್ತಾರೆ. ನನ್ನ ಮಟ್ಟಿಗೆ ಆ ಮನೆಯ ಅತ್ಯುತ್ತಮ ಭಾಗ ಗಾಜಿನ ಕೋಣೆಯಲ್ಲ, ಅದರ ಮುಂದೆ ಚಾವಣಿಯ ಕೆಳಗಿರುವ ತೆರೆದ ಜಗಲಿ. ಜಾಲರಿ ಹಾಕಿಸಿದ ಒಡತಿಗೂ ಅದೇ ಬೇಕಾಗಿತ್ತೋ ಏನೋ. ಮುಂದಿನ ಮಾಲೀಕರು ಆ ಜಾಲರಿಯನ್ನು ಕಿತ್ತರು. ಈಗ ಮನೆ ಸಂಗ್ರಹಾಲಯ. ಒಂದು ಸಂರಕ್ಷಣಾ ಸಂಸ್ಥೆ 2003ರ ಹರಾಜಿನಲ್ಲಿ 75 ಲಕ್ಷ ಡಾಲರ್ ಕೊಟ್ಟು ಕೊಂಡಿತು.

ಬಿಸಿಲು, ಮಳೆ ಎರಡೂ ಹೆಚ್ಚಿರುವ ಪ್ರದೇಶಕ್ಕೆ ಇದು ಒಗ್ಗುತ್ತದೆಯೇ?

ಗಾಜಿನ ಪೆಟ್ಟಿಗೆ ಒಗ್ಗುವುದಿಲ್ಲ. ಪೆವಿಲಿಯನ್ ಬಹಳ ಚೆನ್ನಾಗಿ ಒಗ್ಗುತ್ತದೆ. ನಿಜ ಹೇಳಬೇಕೆಂದರೆ ಚಳಿದೇಶದಲ್ಲಿ ಇದು ಶೋಕಿ, ಬಿಸಿದೇಶದಲ್ಲಿ ಇದು ವಿವೇಕ.

ಅಹಮದಾಬಾದಿನ ಸಬರಮತಿ ಆಶ್ರಮದಲ್ಲಿ ಚಾರ್ಲ್ಸ್ ಕೊರಿಯಾ ಮಾಡಿದ ಗಾಂಧಿ ಸ್ಮಾರಕ ಸಂಗ್ರಹಾಲಯ (1963) ನೋಡಿ. ಆರು ಮೀಟರ್ ಚದರದ ಘಟಕಗಳು. ಮೂಲೆಗಳಲ್ಲಿ ಇಟ್ಟಿಗೆಯ ಕಂಬ, ಮೇಲೆ ಹೆಂಚಿನ ಗೋಪುರದಂಥ ಚಾವಣಿ. ಕೆಲವು ಘಟಕಗಳಿಗೆ ಗೋಡೆಯಿದೆ, ಕೆಲವಕ್ಕೆ ಚಾವಣಿ ಮಾತ್ರ, ಕೆಲವಕ್ಕೆ ಅದೂ ಇಲ್ಲ. ನಡುವೆ ಒಂದು ನೀರಿನ ಅಂಗಳ. ಕಂಬದಿಂದ ಕಂಬಕ್ಕೆ ಹೋಗುವ ಕಾಂಕ್ರೀಟ್ ತೊಲೆಯೇ ಮಳೆನೀರಿನ ಕಾಲುವೆ. ಕಿಟಕಿಗಳಿಗೆ ಗಾಜೇ ಇಲ್ಲ, ತಿರುಗಿಸಬಹುದಾದ ಮರದ ಪಟ್ಟಿಗಳಷ್ಟೇ. ಒಂದು ಘಟಕದಿಂದ ಇನ್ನೊಂದಕ್ಕೆ ಹೋಗುವಾಗ ನೆರಳು, ಅರೆನೆರಳು, ಬಿಸಿಲು ಹೀಗೆ ಮೂರು ಹಂತ ದಾಟುತ್ತೀರಿ. ಬಾರ್ಸಿಲೋನಾದ ಕಟ್ಟಡ ಅಮೃತಶಿಲೆ, ಓನಿಕ್ಸ್‌ಗಳಿಂದ ಸಾಧಿಸಿದ್ದನ್ನು ಇದು ಇಟ್ಟಿಗೆ, ಹೆಂಚಿನಲ್ಲಿ ಸಾಧಿಸಿದೆ. ನಾನಂತೂ ವಿದ್ಯಾರ್ಥಿಗಳಿಗೆ ಮೊದಲು ಓದಲು ಹೇಳುವುದು ಇದನ್ನೇ.

ಶ್ರೀಲಂಕಾದಲ್ಲಿ ಜೆಫ್ರಿ ಬಾವಾ ಅದೇ ದಾರಿ ಹಿಡಿದರು. ಅವರ ಕಂದಲಮ ಹೋಟೆಲ್ (1994) ಬೆಟ್ಟದ ಮಗ್ಗುಲಿಗೆ ಒರಗಿದೆ. ಅದರ ಓಣಿಗಳು ಗಾಳಿಗೆ ತೆರೆದಿವೆ, ಬಂಡೆಯೇ ಅಲ್ಲಲ್ಲಿ ಗೋಡೆ. ಆಸ್ಟ್ರೇಲಿಯಾದ ಗ್ಲೆನ್ ಮರ್ಕಟ್ 1975ರಲ್ಲಿ ಕೆಂಪ್ಸಿ ಬಳಿ ಮುಗಿಸಿದ ಮೇರಿ ಷಾರ್ಟ್ ಮನೆ ಕಾಲುಗಂಬಗಳ ಮೇಲೆ ಅಕ್ಕಪಕ್ಕ ನಿಂತ ಎರಡು ಉದ್ದನೆಯ ಪೆವಿಲಿಯನ್. ಅದರಲ್ಲಿ ಗೋಡೆ ಎಂದರೆ ಬಹುತೇಕ ತೆರೆದು ಮುಚ್ಚುವ ಪಟ್ಟಿಗಳು. ಬಾವಾ ಆಗಲಿ ಮರ್ಕಟ್ ಆಗಲಿ ಗಾಜನ್ನು ಬಹಿಷ್ಕರಿಸಲಿಲ್ಲ. ಅದರ ಮೇಲೆ ಪೂರ್ತಿ ಭಾರ ಹಾಕಲಿಲ್ಲ, ಅಷ್ಟೆ.

ಚಾವಣಿಯನ್ನು ಎಷ್ಟು ಚಾಚಬೇಕು?

ಲೆಕ್ಕ ಸುಲಭ. ಸೂರ್ಯ ಎದುರಿಗಿದ್ದಾಗ, ನೆರಳು ಬೇಕಾದ ಎತ್ತರವನ್ನು ಸೂರ್ಯನ ಎತ್ತರದ ಕೋನದ ಟ್ಯಾಂಜೆಂಟ್‌ನಿಂದ ಭಾಗಿಸಿ. ಗಾಜಿನ ಎತ್ತರ 2.7 ಮೀಟರ್ ಇದ್ದು ಸೂರ್ಯ 60 ಡಿಗ್ರಿ ಎತ್ತರದಲ್ಲಿದ್ದರೆ 1.56 ಮೀಟರ್ ಚಾಚು ಸಾಕು. 45 ಡಿಗ್ರಿಗೆ ಇಳಿದರೆ 2.7 ಮೀಟರ್ ಬೇಕು. 30 ಡಿಗ್ರಿಗೆ ಸುಮಾರು 4.7 ಮೀಟರ್, ಅಂದರೆ ಕೈಬಿಟ್ಟ ಹಾಗೆಯೇ.

ಹಗಲು ರಾತ್ರಿ ಸಮನಾಗುವ ದಿನ ನಡುಮಧ್ಯಾಹ್ನ ಸೂರ್ಯನ ಕೋನ 90ರಿಂದ ನಿಮ್ಮ ಅಕ್ಷಾಂಶ ಕಳೆದಷ್ಟು. 15 ಡಿಗ್ರಿ ಅಕ್ಷಾಂಶದಲ್ಲಿ 75, 40 ಡಿಗ್ರಿಯಲ್ಲಿ 50. ಸಮಭಾಜಕದ ಹತ್ತಿರದವರಿಗೆ ಮಧ್ಯಾಹ್ನದ ಬಿಸಿಲು ತಡೆಯುವುದು ಸಲೀಸು. ಕಾಡುವುದು ಬೆಳಗಿನ ಪೂರ್ವ, ಸಂಜೆಯ ಪಶ್ಚಿಮ. ತಗ್ಗಿನಿಂದ ಬರುವ ಆ ಬಿಸಿಲಿಗೆ ಚಾವಣಿ ಎಷ್ಟು ಚಾಚಿದರೂ ಲೆಕ್ಕಕ್ಕಿಲ್ಲ. ಲಂಬ ರೆಕ್ಕೆಗಳು, ಸರಿಸುವ ಪಟ್ಟಿಗಳು, ಇಲ್ಲವೇ ಮರಗಳು ಬೇಕು. ಇನ್ನೂ ಒಳ್ಳೆಯದೆಂದರೆ ಕಟ್ಟಡದ ಗಿಡ್ಡ ಬದಿಗಳನ್ನು ಪೂರ್ವ ಪಶ್ಚಿಮಕ್ಕೆ ತಿರುಗಿಸಿ ಅಲ್ಲಿ ಗಟ್ಟಿ ಗೋಡೆ ಹಾಕುವುದು. ನ್ಯೂಟ್ರಾ 1946ರಲ್ಲಿ ಪಾಮ್ ಸ್ಪ್ರಿಂಗ್ಸ್‌ನ ಮರುಭೂಮಿಯಲ್ಲಿ ಮಾಡಿದ ಕಾಫ್‌ಮನ್ ಮನೆಯಲ್ಲಿ ಬಿಸಿಲಿಗೂ ಮರಳುಗಾಳಿಗೂ ಸೇರಿ ತಿರುಗಿಸಬಹುದಾದ ಲಂಬ ಅಲ್ಯೂಮಿನಿಯಂ ಪಟ್ಟಿಗಳಿವೆ.

ಎರಡು ಪದರದ ಗಾಜು ಹಾಕಿದರೆ ಬಿಸಿಯ ಸಮಸ್ಯೆ ತೀರುತ್ತದೆಯೇ?

ಕಡಿಮೆಯಾಗುತ್ತದೆ. ಶಾಖ ಎಷ್ಟು ಸುಲಭವಾಗಿ ಹಾಯುತ್ತದೆ ಎಂಬುದನ್ನು ಅಳೆಯುವ ಯು-ಮೌಲ್ಯ ಒಂಟಿ ಗಾಜಿಗೆ 5.7ರ ಆಸುಪಾಸು. ಸಾದಾ ಜೋಡಿ ಗಾಜಿಗೆ 2.8, ಲೇಪನವಿದ್ದು ನಡುವೆ ಆರ್ಗಾನ್ ಅನಿಲ ತುಂಬಿದ ಜೋಡಿ ಗಾಜಿಗೆ 1.1ರಷ್ಟು. ಒಳ್ಳೆಯ ಶಾಖನಿರೋಧಕ ಗೋಡೆ 0.3ಕ್ಕೂ ಕೆಳಗಿರುತ್ತದೆ. ಅಂದರೆ ಇಂಥ ಒಳ್ಳೆಯ ಜೋಡಿ ಗಾಜೂ ಗೋಡೆಗಿಂತ ಸುಮಾರು ನಾಲ್ಕು ಪಟ್ಟು ದುರ್ಬಲ. ಅದಕ್ಕಿಂತ ಮುಖ್ಯವಾಗಿ, ನೇರ ಬಿಸಿಲು ಒಳಗೆ ಬಂದರೆ ಎರಡು ಪದರ ಆ ಶಾಖವನ್ನು ಒಳಗೇ ಕೂಡಿಹಾಕುತ್ತದೆ. ಮೊದಲು ನೆರಳು, ಆಮೇಲೆ ಗಾಜಿನ ಗುಣಮಟ್ಟ. ಈ ಕ್ರಮ ತಿರುಗಿಸಿದವರ ವಿದ್ಯುತ್ ಬಿಲ್ ಮಿಕ್ಕ ಕಥೆ ಹೇಳುತ್ತದೆ.

ಹೊಸಿಲೇ ಇಲ್ಲದ ಬಾಗಿಲೆಂದರೆ ಮಳೆನೀರು ಒಳಗೆ ಬರುವುದಿಲ್ಲವೇ?

ಕಾಣುವ ನೆಲದ ಕೆಳಗೆ ಇನ್ನೊಂದು ನೆಲ ಇದ್ದರೆ ಬರುವುದಿಲ್ಲ.

ನೀರುತಡೆ ಪದರವನ್ನು ಹೊರನೆಲದ ಮಟ್ಟದಿಂದ ಸುಮಾರು 15 ಸೆಂಟಿಮೀಟರ್ ಮೇಲಕ್ಕೆ ತರಬೇಕೆಂಬುದು ಸಾಮಾನ್ಯ ನಿಯಮ. ನೆಲ ಒಂದೇ ಮಟ್ಟದಲ್ಲಿ ಬೇಕಾದಾಗ ಇದನ್ನು ತಲೆಕೆಳಗು ಮಾಡುತ್ತಾರೆ. ಹೊರಗಿನ ಕಾಂಕ್ರೀಟನ್ನೇ ಅಷ್ಟು ತಗ್ಗಿಸಿ, ಅದರ ಮೇಲೆ ನೀರುತಡೆ ಹಾಸಿ, ಬಾಗಿಲಿನಿಂದ ದೂರಕ್ಕೆ ಇಳಿಜಾರು ಕೊಟ್ಟು, ಮೇಲೆ ಕುಳ್ಳು ಕಾಲುಗಳ ಮೇಲೆ ಕಲ್ಲಿನ ಚಪ್ಪಡಿ ಕೂರಿಸುತ್ತಾರೆ. ಚಪ್ಪಡಿಗಳ ನಡುವಿನ ಸಂದಿಗೆ ಗಾರೆ ತುಂಬುವುದಿಲ್ಲ. ನೀರು ಆ ಸಂದಿನಲ್ಲಿ ಇಳಿದು ಕೆಳಗೆ ಹರಿದುಹೋಗುತ್ತದೆ, ಮೇಲಿನ ಕಲ್ಲು ಮಾತ್ರ ಸಮತಟ್ಟು. ಬಾಗಿಲ ಹಳಿಯ ಉದ್ದಕ್ಕೂ ಜಾಲರಿ ಮುಚ್ಚಿದ ಸಣ್ಣ ಚರಂಡಿ ಬೇರೆ. ಫಾರ್ನ್ಸ್‌ವರ್ತ್ ಮನೆಯ ಜಗಲಿಯಲ್ಲೂ ಇಂಥದೇ ಉಪಾಯ: ಕಲ್ಲಿನ ಕೆಳಗೆ ಜಲ್ಲಿ ತುಂಬಿದ, ನಡುವೆ ತಗ್ಗಾದ ಲೋಹದ ತಟ್ಟೆಗಳಿವೆ.

ಮರೆಯಬಾರದ ಇನ್ನೆರಡು ವಿಷಯ. ಚಾವಣಿಯ ಅಂಚಿನ ಕೆಳಮೈಯಲ್ಲಿ ಒಂದು ಕಿರುತೋಡು ಕೊರೆಯಿಸಿ, ಇಲ್ಲದಿದ್ದರೆ ಹನಿಗಳು ಕೆಳಮೈಯನ್ನು ಹಿಡಿದು ತೆವಳಿಕೊಂಡು ಗಾಜಿನವರೆಗೂ ಬರುತ್ತವೆ. ಹಾಗೆಯೇ ಹೊರಗಿನ ಕಲ್ಲಿಗೆ ಹೊಳಪು ಬೇಡ. ಒಳಗೆ ನಯಗೊಳಿಸಿ, ಹೊರಗೆ ಅದೇ ಕಲ್ಲನ್ನು ಒರಟಾಗಿ ಬಿಡಿಸಿ. ಒದ್ದೆಯಾದಾಗ ಜಾರದಿರುವುದು ಅದೇ.

ಜಾರುವ ಬಾಗಿಲು ಒಳ್ಳೆಯದೋ, ಮಡಚುವ ಬಾಗಿಲೋ?

ಹೆಚ್ಚಿನ ದಿನ ಮುಚ್ಚಿಯೇ ಇರುವುದಾದರೆ ಜಾರುವುದು. ಅದರಲ್ಲಿ ದೊಡ್ಡ ಹಾಳೆ, ಕಡಿಮೆ ಚೌಕಟ್ಟು. ಆದರೆ ಗೋಡೆಯೊಳಗೆ ಪೂರ್ತಿ ಅಡಗುವಂತೆ ಮಾಡದಿದ್ದರೆ ಅರ್ಧ ತೆರಪು ಸದಾ ಗಾಜಿನ ಹಿಂದೆಯೇ ಉಳಿಯುತ್ತದೆ. ಮಡಚುವುದು ಪೂರ್ತಿ ತೆರೆಯುತ್ತದೆ; ಮುಚ್ಚಿದಾಗ ಮಾತ್ರ ನೋಟದ ತುಂಬ ಚೌಕಟ್ಟಿನ ಗೆರೆಗಳು, ಕೀಲುಗಳಿಗೆ ಆಗಾಗ ಆರೈಕೆ. ನನ್ನ ಒಲವು ಗೋಡೆಯೊಳಗೆ ಅಡಗುವ ಜಾರುಬಾಗಿಲಿಗೆ. ಕಟ್ಟುವಾಗಲೇ ಆ ಗೋಡೆಯನ್ನು ಟೊಳ್ಳಾಗಿ ಕಟ್ಟಬೇಕು, ಆಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಚಪ್ಪಟೆ ಚಾವಣಿ ಸೋರುವುದು ಗ್ಯಾರಂಟಿ ಎನ್ನುತ್ತಾರೆ?

ನಿಜವಾಗಿಯೂ ಚಪ್ಪಟೆಯಾಗಿದ್ದರೆ ಸೋರುತ್ತದೆ. ಚಪ್ಪಟೆಯಾಗಿ ಕಂಡರೆ ಸಾಕು. ಮೇಲ್ಮೈಗೆ ನೂರಕ್ಕೆ ಒಂದೆರಡು ಭಾಗ ಇಳಿಜಾರು, ಎರಡು ಕಡೆ ನೀರಿನ ದಾರಿ, ಒಂದು ಕಟ್ಟಿಕೊಂಡರೆ ಉಕ್ಕಿ ಹೊರಬೀಳಲು ಮೂರನೆಯ ತೂತು.

ಗೋಡೆಗಳೇ ಇಲ್ಲದಿದ್ದರೆ ಬಿರುಗಾಳಿ, ಭೂಕಂಪಗಳ ತಳ್ಳಾಟವನ್ನು ತಡೆಯುವುದು ಯಾರು?

ಒಳ್ಳೆಯ ಪ್ರಶ್ನೆ, ಬಹಳ ಜನ ಕೇಳುವುದೇ ಇಲ್ಲ. ಭಾರ ಹೊರಲು ತೆಳು ಕಂಬ ಸಾಕು, ಅಡ್ಡ ತಳ್ಳಾಟಕ್ಕೆ ಸಾಲದು. ಇರುವುದು ಎರಡು ದಾರಿ. ತೊಲೆ ಕಂಬಗಳ ಕೂಡುವಿಕೆಯನ್ನೇ ಗಟ್ಟಿಯಾಗಿ ಬೆಸೆದು ಇಡೀ ಚೌಕಟ್ಟು ಬಾಗದಂತೆ ಮಾಡುವುದು ಒಂದು. ಕಟ್ಟಡದ ನಡುವೆಯೋ ಹಿಂದೆಯೋ ಒಂದೆರಡು ಗಟ್ಟಿ ಗೋಡೆಗಳನ್ನು ಎರಡೂ ದಿಕ್ಕಿನಲ್ಲಿ ನಿಲ್ಲಿಸಿ ಚಾವಣಿಯನ್ನು ಅವಕ್ಕೆ ಕಟ್ಟಿಹಾಕುವುದು ಇನ್ನೊಂದು. ಎರಡನೆಯದೇ ಅಗ್ಗ. ಅಡುಗೆಮನೆ, ಬಚ್ಚಲು, ಪೈಪುಗಳ ಸಂದಿಗೆ ಹೇಗೂ ಗೋಡೆ ಬೇಕಲ್ಲ, ಅವನ್ನೇ ಈ ಕೆಲಸಕ್ಕೆ ಹಚ್ಚಬಹುದು. ತೆರೆದ ಚಾವಣಿಯನ್ನು ಗಾಳಿ ಮೇಲಕ್ಕೂ ಎತ್ತುತ್ತದೆ. ಚಾವಣಿ ಹಗುರವಾದಷ್ಟೂ ಅದನ್ನು ಕೆಳಗೆ ಹಿಡಿದಿಡುವ ಬೋಲ್ಟುಗಳು ಮುಖ್ಯ.

ಖಾಸಗಿತನದ ಗತಿಯೇನು?

ಜಾನ್ಸನ್ ಗ್ಲಾಸ್ ಹೌಸ್‌ನಲ್ಲಿ ಗೋಡೆ ಎಂಬುದಿದ್ದರೆ ಬಚ್ಚಲನ್ನು ಅಡಗಿಸಿದ ಇಟ್ಟಿಗೆಯ ಸಿಲಿಂಡರ್ ಒಂದೇ. ಆದರೆ ಹುಲ್ಲುಹಾಸಿನ ಆಚೆ, ಅದೇ ವರ್ಷ, ಅವರೇ ಕಟ್ಟಿಸಿದ ಇಟ್ಟಿಗೆಯ ಮುಚ್ಚು ಮನೆಯೂ ಇದೆ. ಅತಿಥಿಗಳಿಗೆಂದು ಕಟ್ಟಿದ್ದು. ಫೋಟೊಗಳಲ್ಲಿ ಅದು ಬರುವುದು ಅಪರೂಪ. ಎಕರೆಗಟ್ಟಲೆ ಜಮೀನಿನ ನಡುವೆ ಬದುಕುವವರು ಗಾಜಿನಲ್ಲಿ ಬದುಕಬಹುದು. ಉಳಿದವರು ಅಂಗಳವನ್ನೇ ಒಳಕ್ಕೆ ತಂದುಕೊಳ್ಳಬೇಕು. ಹೊರಗಿನ ಎಲ್ಲೆಗೆ ಎತ್ತರದ ಗೋಡೆ, ಅದರೊಳಗೆ ಆಕಾಶಕ್ಕೆ ತೆರೆದ ಅಂಗಳ, ಆ ಅಂಗಳಕ್ಕೆ ಪೂರ್ತಿ ತೆರೆದ ಕೋಣೆ. ಸಣ್ಣ ನಿವೇಶನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತವೆ ಎಂಬುದು ಎಷ್ಟು ಗಂಭೀರ?

ಬಹಳ. ಅಮೆರಿಕ ಒಂದರಲ್ಲೇ ಕಟ್ಟಡಗಳಿಗೆ ಬಡಿದು ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಸಾಯುತ್ತವೆ ಎಂಬ ಅಂದಾಜು 2014ರಲ್ಲಿ ಪ್ರಕಟವಾಯಿತು. ಮರಗಳ ನಡುವೆ ನಿಂತ, ಒಂದು ಬದಿಯಿಂದ ಇನ್ನೊಂದು ಬದಿಗೆ ಆರಪಾರ ಕಾಣುವ ಪೆವಿಲಿಯನ್ ಹಕ್ಕಿಗೆ ತೆರೆದ ದಾರಿಯಂತೆ ಕಾಣುತ್ತದೆ. ಒಂದೇ ಒಂದು ಗಿಡುಗನ ಚಿತ್ರ ಅಂಟಿಸಿದರೆ ಉಪಯೋಗವಿಲ್ಲ. ಗಾಜಿನ ಹೊರಮೈಯಲ್ಲಿ ಐದು ಸೆಂಟಿಮೀಟರಿಗಿಂತ ಹೆಚ್ಚು ಖಾಲಿ ಬಿಡದಂತೆ ಚುಕ್ಕಿ ಅಥವಾ ಗೆರೆಗಳಿರಬೇಕು. ಒಳಮೈಗೆ ಹಾಕಿದರೆ ಪ್ರತಿಬಿಂಬದ ಹಿಂದೆ ಮುಚ್ಚಿಹೋಗುತ್ತವೆ. ಹೊರಗಿನ ಜಾಲರಿ ಇನ್ನೂ ಒಳ್ಳೆಯದು. ಸೊಳ್ಳೆಗೂ ಅದೇ ಮದ್ದು.

ನಿವೇಶನದಲ್ಲಿರುವ ಮರವನ್ನು ಉಳಿಸಿಕೊಂಡು ಕಟ್ಟಬಹುದೇ?

ಕಟ್ಟಬಹುದು, ಕಟ್ಟಿದ್ದಾರೆ. ಲೆ ಕಾರ್ಬೂಸಿಯೇ 1925ರ ಪ್ಯಾರಿಸ್ ಪ್ರದರ್ಶನದ ಪೆವಿಲಿಯನ್‌ನಲ್ಲಿ ಚಾವಣಿಗೆ ದುಂಡನೆಯ ತೂತು ಬಿಟ್ಟು ಮರವನ್ನು ಹಾಯಿಸಿದರು. ವಾಸ್ತುಶಿಲ್ಪಿ ಲೀನಾ ಬೋ ಬಾರ್ಡಿ ಬ್ರೆಜಿಲ್‌ನ ಸಾವೊ ಪೌಲೊದ ತಮ್ಮ ಗಾಜಿನ ಮನೆಯಲ್ಲಿ (1951) ನಡುವೆ ಒಂದು ತೆರಪು ಬಿಟ್ಟು ಮರ ಮೇಲೇರಲು ಜಾಗ ಮಾಡಿದರು.

ಇವೆಲ್ಲಕ್ಕಿಂತ ಮೇಲೆಂದು ನನಗನ್ನಿಸುವುದು ನಾರ್ವೆಯ ವಾಸ್ತುಶಿಲ್ಪಿ ಸ್ವೆರ್ರೆ ಫೆನ್ ವೆನಿಸ್‌ನಲ್ಲಿ 1962ರಲ್ಲಿ ಮುಗಿಸಿದ ನಾರ್ಡಿಕ್ ಪೆವಿಲಿಯನ್. ಎರಡು ಪದರ ಕಾಂಕ್ರೀಟ್ ಪಟ್ಟಿಗಳು ಒಂದರ ಮೇಲೊಂದು ಅಡ್ಡಡ್ಡ ಕೂತಿವೆ. ಪ್ರತಿ ಪಟ್ಟಿಯ ಎತ್ತರ ಒಂದು ಮೀಟರ್, ದಪ್ಪ ಬರೀ ಆರು ಸೆಂಟಿಮೀಟರ್. ನೇರ ಬಿಸಿಲು ಇವುಗಳಿಗೆ ಬಡಿದು ಚದುರಿ, ಕೆಳಗೆ ಇಳಿಯುವಾಗ ನೆರಳಿಲ್ಲದ ಮೆತ್ತನೆ ಬೆಳಕಾಗುತ್ತದೆ. ಮೆಡಿಟರೇನಿಯನ್ ಸೂರ್ಯನಿಂದ ಉತ್ತರದೇಶದ ಬೆಳಕು ಹಿಂಡಿದಂತೆ. ಜಾಗದಲ್ಲಿದ್ದ ಮರಗಳು ಈ ಪಟ್ಟಿಗಳ ನಡುವೆ ತೂರಿ ಮೇಲೆ ಹೋಗುತ್ತವೆ. ಮೂಲೆಯಲ್ಲೊಂದು ಮರ ಅಡ್ಡ ಬಂದಾಗ ಫೆನ್ ಮುಖ್ಯ ತೊಲೆಯನ್ನೇ ಕವಲಾಗಿ ಸೀಳಿ ಅದರ ಎರಡೂ ಪಕ್ಕಕ್ಕೆ ಹಾಯಿಸಿದರು.

ಹಾಗೆ ಮಾಡುವಾಗ ಕಾಂಡದ ಸುತ್ತ ಧಾರಾಳ ಅಂತರ ಬಿಡಿ, ಗಾಳಿಗೆ ಅದು ತೂಗುತ್ತದೆ, ವರ್ಷವರ್ಷ ದಪ್ಪವೂ ಆಗುತ್ತದೆ. ಬೇರು ಹರಡಿರುವ ಕಡೆ ಪಟ್ಟಿಯಂತೆ ಅಡಿಪಾಯ ತೋಡದೆ ಬಿಡಿಬಿಡಿ ಕಂಬದ ಅಡಿಪಾಯ ಹಾಕಿಸಿ.

ಬೇಸಿಗೆಯಲ್ಲಿ ಕಟ್ಟಿ ಆಮೇಲೆ ಬಿಚ್ಚುವ ತಾತ್ಕಾಲಿಕ ಪೆವಿಲಿಯನ್‌ಗಳಿಂದ ಕಲಿಯುವುದೇನಾದರೂ ಇದೆಯೇ?

ಇದೆ, ಆದರೆ ಸೋಸಿಕೊಂಡು ಕಲಿಯಬೇಕು. ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿ 2000ದಲ್ಲಿ ವಾಸ್ತುಶಿಲ್ಪಿ ಜಹಾ ಹದೀದ್‌ರಿಂದ ಶುರುಮಾಡಿ ನಡೆಸಿಕೊಂಡು ಬಂದಿರುವ ಸರಣಿ ಎಲ್ಲರಿಗೂ ಗೊತ್ತು. 2009ರಲ್ಲಿ ಜಪಾನಿನ ಸಾನಾ ವಾಸ್ತುಶಿಲ್ಪ ಸಂಸ್ಥೆಯವರು ಕನ್ನಡಿಯಂಥ ಅಲ್ಯೂಮಿನಿಯಂ ಚಾವಣಿಯೊಂದನ್ನು ಮರಗಳ ನಡುವೆ ಹೊಗೆಯಂತೆ ತೇಲಿಸಿದರು, ಗೋಡೆ ಬಹುತೇಕ ಇಲ್ಲ. 2011ರಲ್ಲಿ ಸ್ವಿಸ್ ವಾಸ್ತುಶಿಲ್ಪಿ ಪೀಟರ್ ತ್ಸುಮ್ತೋರ್ ತದ್ವಿರುದ್ಧ ಹೋಗಿ ಸುತ್ತ ಕಪ್ಪು ಗೋಡೆ ಕಟ್ಟಿ ನಡುವೆ ಹೂದೋಟ ಇಟ್ಟರು. ಒಳಗು ಹೊರಗಿನ ಬೆಸುಗೆ ಎರಡರಲ್ಲೂ ಗಟ್ಟಿಯಾಗಿತ್ತು. ಆದರೆ ಅವಕ್ಕೆ ಚಳಿಗಾಲ ಕಾಣುವ ಹಣೆಬರಹವಿಲ್ಲ, ಮಲಗುವ ಕೋಣೆಯೂ ಬೇಕಿಲ್ಲ. ಯೋಚನೆ ತೆಗೆದುಕೊಳ್ಳಿ, ಕೂಡುವಿಕೆಯ ವಿವರಗಳನ್ನು ನಕಲು ಮಾಡಬೇಡಿ.

ನಕ್ಷೆ ನೋಡಿಯೇ, ಕಟ್ಟುವ ಮುಂಚೆ, ಇದು ನಿಜಕ್ಕೂ ಬೆರೆಯುತ್ತದೋ ಇಲ್ಲವೋ ಎಂದು ತಿಳಿಯಬಹುದೇ?

ಬಹುಮಟ್ಟಿಗೆ. ಕಂಪ್ಯೂಟರ್‌ನಲ್ಲಿ ಮಾಡಿದ ಬಣ್ಣದ ಚಿತ್ರಗಳನ್ನು ಪಕ್ಕಕ್ಕಿಡಿ, ಅವುಗಳಲ್ಲಿ ಗಾಜು ಎಂದೂ ಪ್ರತಿಫಲಿಸುವುದಿಲ್ಲ. ನೆಲನಕ್ಷೆಯಲ್ಲಿ ಚಾವಣಿಯ ಅಂಚನ್ನು ತುಂಡುಗೆರೆಯಲ್ಲಿ ತೋರಿಸಿರುತ್ತಾರೆ. ಆ ಗೆರೆಗೂ ಗಾಜಿನ ಗೆರೆಗೂ ನಡುವೆ ಎಷ್ಟು ಜಾಗವಿದೆ, ಅಲ್ಲಿ ಕುರ್ಚಿ ಹಿಡಿಸುತ್ತದೆಯೇ ನೋಡಿ. ಆಮೇಲೆ ಕಟ್ಟಡವನ್ನು ಉದ್ದಕ್ಕೆ ಸೀಳಿದ ಛೇದನಕ್ಷೆ ಕೇಳಿ. ಒಳನೆಲ, ಹೊರನೆಲ, ಚಾವಣಿಯ ಕೆಳಮೈ ಮೂರೂ ಮುರಿಯದೆ ಗಾಜು ದಾಟುತ್ತವೆಯೇ? ತೆರೆಯುವ ಗಾಜೆಷ್ಟು, ತೆರೆಯದ್ದೆಷ್ಟು ಎಂದು ಬಣ್ಣ ಹಚ್ಚಿಕೊಡಲು ಹೇಳಿ.

ಕೊನೆಯದಾಗಿ, ಬಾಗಿಲ ಹೊಸಿಲಿನ ವಿವರ ನಕ್ಷೆಯನ್ನು 1:5 ಅಳತೆಯಲ್ಲಿ ಕೇಳಿ. ನೀರುತಡೆ ಎಲ್ಲಿ ಮೇಲೇರುತ್ತದೆ, ಚರಂಡಿ ಎಲ್ಲಿಗೆ ಹರಿಯುತ್ತದೆ, ಹಳಿ ಎಷ್ಟು ಆಳ ಕೂತಿದೆ, ಎಲ್ಲ ಅದರಲ್ಲಿರಬೇಕು. 'ಅದನ್ನೆಲ್ಲ ಕೆಲಸ ನಡೆಯುವಾಗ ಸೈಟ್‌ನಲ್ಲೇ ನೋಡಿಕೊಳ್ಳೋಣ' ಎಂಬ ಉತ್ತರ ಬಂದರೆ, ಆ ಹಾಳೆ ಕೈಸೇರುವವರೆಗೆ ಗುತ್ತಿಗೆಗೆ ಸಹಿ ಹಾಕಬೇಡಿ.